ಖರ್ಚಿನ ಪುಸ್ತಕದಲ್ಲಿ ಕಾಣದ ರಾಗಿ

ಜೂನ್‌ನಲ್ಲಿ ಶಾಲೆ ಶುರುವಾದ ಹೊಸತರಲ್ಲಿ ನನ್ನ ಮೊಮ್ಮಗ ಒಂದು ಚೀಟಿ ಹಿಡಿದುಕೊಂಡು ಮನೆಗೆ ಬಂದ. ಒಂಬತ್ತನೆಯ ತರಗತಿಯವರಿಗೆ ಚರ್ಚಾಸ್ಪರ್ಧೆಯಂತೆ. ವಿಷಯ, ‘ವಿಶ್ವವಿದ್ಯಾಲಯಗಳ ಸಂಶೋಧನೆಗೆ ಸರ್ಕಾರ ಹಣ ಕೊಡುವುದು ವ್ಯರ್ಥ’. ಚೀಟಿ ಎತ್ತಿದಾಗ ಇವನ ಪಾಲಿಗೆ ಬಂದದ್ದು ‘ವ್ಯರ್ಥವಲ್ಲ’ ಎನ್ನುವ ಪಕ್ಷ. ಮುಖ ಸಪ್ಪಗಿತ್ತು.

“ತಾತ, ವ್ಯರ್ಥ ಅನ್ನೋದು ಸುಲಭ. ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ. ವ್ಯರ್ಥ ಅಲ್ಲ ಅಂತ ಹೇಗೆ ಹೇಳೋದು? ರಾಕೆಟ್ ವಿಷಯ ಹೇಳಿಬಿಡ್ಲಾ?”

ರಾಕೆಟ್ ವಿಷಯ ಎಲ್ಲರೂ ಹೇಳುತ್ತಾರೆ. ನಾನು ಮೂವತ್ತೇಳು ವರ್ಷ ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು. ಕಣ್ಣಿಗೆ ಕಂಡ, ಕೈಯಿಂದ ಎಣಿಸಿದ ಲೆಕ್ಕವನ್ನೇ ನಂಬುವ ಅಭ್ಯಾಸ. ಅವನನ್ನು ಅಡುಗೆಮನೆಗೆ ಕರೆದುಕೊಂಡು ಹೋಗಿ, ಡಬ್ಬಿಯಿಂದ ಒಂದು ಹಿಡಿ ರಾಗಿ ತೆಗೆದು ಅವನ ಅಂಗೈಗೆ ಸುರಿದೆ. ಇದರ ಮೇಲೆ ಮಾತಾಡು ಎಂದೆ. ಅವನು ನನ್ನನ್ನು ನೋಡಿದ ನೋಟ ಈಗಲೂ ನೆನಪಿದೆ.

ಅವತ್ತು ಅವನಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಓದುವ ಮಕ್ಕಳಿಗೆ ಇದು ಹೊಸದಿರಬಹುದು. ಅಜ್ಜ ಅಜ್ಜಿಯರಿಗೆ ಅರ್ಧ ಗೊತ್ತಿರುತ್ತದೆ, ಮಿಕ್ಕರ್ಧಕ್ಕಾಗಿ ಓದಿ.

ಮೊದಲು ಹಸಿವಿನಿಂದ ಶುರು ಮಾಡಬೇಕು. 1965ರಲ್ಲಿ ಮಳೆ ಕೈಕೊಟ್ಟಿತು, ಮರುವರ್ಷವೂ ದೇಶದ ಹಲವು ಕಡೆ ಕೈಕೊಟ್ಟಿತು. ಆಗ ನಾನು ಹೈಸ್ಕೂಲಿನಲ್ಲಿದ್ದೆ. ನಮ್ಮದು ಕುಣಿಗಲ್ ಸೀಮೆಯ ಹಳ್ಳಿ, ಮಳೆ ನಂಬಿದ ಹೊಲ. ಅಮೆರಿಕದಿಂದ ಹಡಗಿನಲ್ಲಿ ಗೋಧಿ ಬಂದರೆ ದೇಶಕ್ಕೆ ಊಟ ಎನ್ನುವ ಕಾಲ. ‘ಪಿ.ಎಲ್. 480’ ಎಂದರೆ ನನ್ನ ವಯಸ್ಸಿನವರಿಗೆ ತಕ್ಷಣ ಅರ್ಥವಾಗುತ್ತದೆ. ನನ್ನ ತಂಗಿಯರಿಗೆ ಶಾಲೆಯಲ್ಲಿ ಅಮೆರಿಕದ ಗೋಧಿನುಚ್ಚಿನ ಉಪ್ಪಿಟ್ಟು, ಹಾಲಿನ ಪುಡಿಯ ಹಾಲು. ಅವರು ಖುಷಿಯಾಗಿಯೇ ತಿನ್ನುತ್ತಿದ್ದರು. ಮನೆಯಲ್ಲಿ ನಮ್ಮಮ್ಮ ಮುದ್ದೆಯ ಗಾತ್ರ ದಿನದಿನಕ್ಕೆ ಸಣ್ಣದು ಮಾಡುತ್ತಾ, ನಮಗೆ ಗೊತ್ತಾಗದಂತೆ ಸಾರಿಗೆ ನೀರು ಹೆಚ್ಚಿಸುತ್ತಿದ್ದದ್ದು ನನಗೆ ಗೊತ್ತಿತ್ತು.

ಆಗ ನಮ್ಮ ಕಡೆ ಎಕರೆಗೆ ಬರುತ್ತಿದ್ದ ರಾಗಿ ಮನೆಮಂದಿಯ ಹೊಟ್ಟೆಗೇ ಸಾಲುತ್ತಿರಲಿಲ್ಲ. ಮಾರುವ ಮಾತಂತೂ ದೂರ. ಮಾರಲು ಏನೂ ಇಲ್ಲದವನಿಗೆ ಪೇಟೆ ಇಲ್ಲ, ಬ್ಯಾಂಕ್ ಇಲ್ಲ, ಮಕ್ಕಳ ಫೀಸಿಗೆ ದುಡ್ಡಿಲ್ಲ. ‘ದೇಶದ ಆರ್ಥಿಕ ಅಭಿವೃದ್ಧಿ’ ಎಂಬ ದೊಡ್ಡ ಮಾತನ್ನು ನಾನು ಆಮೇಲೆ ಬಿ.ಕಾಂ. ಪುಸ್ತಕದಲ್ಲಿ ಓದಿದೆ. ಅದರ ಅರ್ಥ ತಿಳಿದದ್ದು ಮಾತ್ರ ಮನೆಯ ವಾಡೆಯಲ್ಲಿ ಎರಡು ಚೀಲ ರಾಗಿ ಮಿಕ್ಕ ವರ್ಷ.

ಆ ಎರಡು ಚೀಲ ಎಲ್ಲಿಂದ ಬಂತು? ಮಂಡ್ಯದಿಂದ.

ಮಂಡ್ಯದ ಬಳಿ ವಿ.ಸಿ. ಫಾರಂ ಇದೆ. ವಿಶ್ವೇಶ್ವರಯ್ಯ ನಾಲೆಯ ಹೆಸರಿನ ಫಾರಂ. ಅಲ್ಲಿ ಲಕ್ಷ್ಮಣಯ್ಯ ಎಂಬವರು ತಮ್ಮ ಜೀವಮಾನವನ್ನು ರಾಗಿಗೇ ಕೊಟ್ಟರು. 1921ರಲ್ಲಿ ಹುಟ್ಟಿದವರು, 1993ರಲ್ಲಿ ತೀರಿಕೊಂಡರು. ಜನ ಅವರನ್ನು ಕರೆದದ್ದೇ ‘ರಾಗಿ ಲಕ್ಷ್ಮಣಯ್ಯ’ ಎಂದು. ಮೈಸೂರು ರಾಜ್ಯದಲ್ಲಿ ಕೃಷಿ ವಿಶ್ವವಿದ್ಯಾಲಯ 1964ರಲ್ಲಿ ಬೆಂಗಳೂರಿನ ಹೆಬ್ಬಾಳದಲ್ಲಿ ಶುರುವಾಯಿತು. ಮಂಡ್ಯದ ಫಾರಂ ಕೂಡ ಅದರ ತೆಕ್ಕೆಗೆ ಬಂತು. ಲಕ್ಷ್ಮಣಯ್ಯನವರು ಅದಕ್ಕೂ ಮುಂಚಿನಿಂದಲೇ ರಾಗಿಯ ತಳಿಗಳನ್ನು ಕೂಡಿಸುತ್ತಾ ಬಂದಿದ್ದರು. ಅರುಣ, ಉದಯ, ಪೂರ್ಣ, ಅನ್ನಪೂರ್ಣ, ಕಾವೇರಿ, ಶಕ್ತಿ. ಒಂದೇ ಮನೆಯ ಮಕ್ಕಳ ಹೆಸರಿನಂತಿವೆ, ಅಲ್ಲವೇ? ಇವೆಲ್ಲ ರಾಗಿ ತಳಿಗಳು.

ಈ ಕೂಡಿಸುವ ಕೆಲಸ ಎಷ್ಟು ಕಷ್ಟ ಎಂದು ನನಗೂ ಬಹಳ ಕಾಲ ಗೊತ್ತಿರಲಿಲ್ಲ. ಮಾವಿನ ಮರಕ್ಕೆ ಕಸಿ ಕಟ್ಟಿದಂತೆ ಇರಬಹುದು ಎಂದುಕೊಂಡಿದ್ದೆ. ರಾಗಿಯ ತೆನೆ ನೋಡಿದ್ದೀರಲ್ಲ, ಮಡಿಸಿದ ಬೆರಳುಗಳ ಹಾಗೆ. ಆ ಒಂದೊಂದು ಬೆರಳಿನಲ್ಲೂ ಕಣ್ಣಿಗೆ ಸರಿಯಾಗಿ ಕಾಣದಷ್ಟು ಸಣ್ಣ ಹೂಗಳು ಸಾಲುಸಾಲಾಗಿ ಇರುತ್ತವೆ. ಅವು ಅರಳುವುದು ನಾವೆಲ್ಲ ಮಲಗಿರುವ ಹೊತ್ತಿನಲ್ಲಿ, ಬೆಳಗಿನ ಜಾವ. ಅರಳುವಾಗಲೇ ತನ್ನದೇ ಪರಾಗ ತನ್ನ ಮೇಲೇ ಬಿದ್ದು ಕಾಳು ಕಟ್ಟುವ ಕೆಲಸ ಮುಗಿದುಹೋಗಿರುತ್ತದೆ. ಹೊರಗಿನ ಪರಾಗಕ್ಕೆ ಅವಕಾಶವೇ ಇಲ್ಲ. ಹತ್ತಿಯ ಹೂವಿನಂತೆ ದೊಡ್ಡದಾಗಿದ್ದರೆ ಚಿಮಟದಲ್ಲಿ ಕೇಸರಗಳನ್ನು ಕಿತ್ತು ಬೇರೆ ಗಿಡದ ಪರಾಗ ಹಾಕಬಹುದಿತ್ತು. ರಾಗಿಯ ಹೂವಿನಲ್ಲಿ ಅದು ಆಗದ ಮಾತು.

ಹಾಗಾಗಿ ತಳಿಕಾರರು ಬೇರೆ ಉಪಾಯ ಹೂಡಿದರು. ಎರಡು ತಳಿಯ ತೆನೆಗಳನ್ನು ಅಕ್ಕಪಕ್ಕ ಸೇರಿಸಿ ಕಟ್ಟಿ, ಮೇಲೆ ಒಂದು ಚೀಲ ತೊಡಿಸುತ್ತಾರೆ. ಕಾಳುಗಳಲ್ಲಿ ಬಹುಪಾಲು ತಾಯಿಯ ತದ್ರೂಪವೇ ಆಗಿರುತ್ತವೆ. ಎಲ್ಲೋ ಕೆಲವು ಮಾತ್ರ ನಿಜವಾಗಿ ಬೆರೆತವು. ಕಾಳು ನೋಡಿ ಯಾವುದು ಬೆರೆತದ್ದು ಎಂದು ಹೇಳುವಂತಿಲ್ಲ. ಅದಕ್ಕೆ, ತಂದೆ ಗಿಡವಾಗಿ ಗೆಣ್ಣಿನಲ್ಲಿ ನೇರಳೆ ಬಣ್ಣ ಇರುವ ತಳಿಯನ್ನೂ ತಾಯಿಯಾಗಿ ಹಸಿರು ತಳಿಯನ್ನೂ ಆರಿಸಿಕೊಳ್ಳುತ್ತಾರೆ. ಬಂದ ಕಾಳನ್ನೆಲ್ಲ ಬಿತ್ತಿದಾಗ ನೂರಾರು ಹಸಿರು ಪೈರಿನ ನಡುವೆ ಎಲ್ಲೋ ಒಂದರ ಗೆಣ್ಣು ನೇರಳೆಯಾಗಿದ್ದರೆ ಅದೇ ಬೆರೆತ ಮಗು! ಅದನ್ನು ಕಾಪಾಡಿ, ಅದರ ಕಾಳು ಬಿತ್ತಿ, ಮುಂದಿನ ತಲೆಮಾರಿನಲ್ಲಿ ಒಳ್ಳೆಯದನ್ನು ಆರಿಸಿ, ಮತ್ತೆ ಬಿತ್ತಿ, ಮತ್ತೆ ಆರಿಸಿ, ಎಲ್ಲ ಗಿಡವೂ ಒಂದೇ ಸಮ ಬರುವ ತನಕ ಏಳೆಂಟು ತಲೆಮಾರು ಹೋಗುತ್ತದೆ. ಆಮೇಲೆ ಬೇರೆ ಬೇರೆ ಊರಿನ ಮಣ್ಣಿನಲ್ಲಿ ಪರೀಕ್ಷೆ. ಒಂದು ತಳಿ ರೈತನ ಕೈಗೆ ಬರಬೇಕಾದರೆ ಹತ್ತು ವರ್ಷ ಕಳೆದರೂ ಆಶ್ಚರ್ಯವಿಲ್ಲ. ಮೊಮ್ಮಗ ಇಲ್ಲಿ ಬಾಯಿಬಿಟ್ಟ: “ಹತ್ತು ವರ್ಷ ಸಂಬಳ ಕೊಟ್ಟು ಕಾಯ್ತಾರಾ ತಾತ?” ಕಾಯುತ್ತಾರೆ. ಅದೇ ವಿಷಯ.

ಲಕ್ಷ್ಮಣಯ್ಯನವರ ದೊಡ್ಡ ಕೆಲಸ ಮುಂದೆ ಬಂತು. ರಾಗಿಯ ತವರು ಪೂರ್ವ ಆಫ್ರಿಕಾ. ಸಾವಿರಾರು ವರ್ಷಗಳ ಹಿಂದೆ ಅಲ್ಲಿಂದ ನಮ್ಮ ನಾಡಿಗೆ ಬಂದು ನಮ್ಮದೇ ಆಗಿಹೋಗಿದೆ. ಆಫ್ರಿಕಾದಲ್ಲಿ ಉಳಿದ ಅಣ್ಣತಮ್ಮಂದಿರ ಕಾಂಡ ದಪ್ಪ, ತೆನೆ ದೊಡ್ಡದು, ರೋಗ ತಡೆಯುವ ಗುಣ ಹೆಚ್ಚು. ಆದರೆ ಕೊಯ್ಲಿಗೆ ಬರುವುದು ತಡ. ನಮ್ಮದು ಬೇಗ ಬರುತ್ತದೆ, ತೆಂಡೆ ಚೆನ್ನಾಗಿ ಒಡೆಯುತ್ತದೆ, ನಮ್ಮ ಮಳೆಗೆ ಒಗ್ಗಿದೆ. ಇವೆರಡನ್ನೂ ಕೂಡಿಸಿದರು. ಬಂದ ತಳಿಗಳಿಗೆ ಇಂಡಿಯಾ ಮತ್ತು ಆಫ್ರಿಕಾ ಹೆಸರಿನ ತುಂಡುಗಳನ್ನೇ ಜೋಡಿಸಿ ‘ಇಂಡಾಫ್’ ಎಂದು ಹೆಸರಿಟ್ಟರು. ಸಾವಿರಾರು ವರ್ಷದ ಹಿಂದೆ ಬೇರೆಯಾದ ಅಣ್ಣತಮ್ಮಂದಿರು ಮಂಡ್ಯದಲ್ಲಿ ಒಂದಾದರು ಎಂದು ನಾನು ಮೊಮ್ಮಗನಿಗೆ ಹೇಳಿದೆ. 1970ರ ದಶಕದಲ್ಲಿ ಇಂಡಾಫ್ ತಳಿಗಳು ಒಂದರ ಹಿಂದೆ ಒಂದು ಹೊಲಕ್ಕೆ ಬಂದವು. ಮಳೆಗಾಲಕ್ಕೆ ಒಂದು, ಚಳಿಗೆ ಒಂದು, ಬೇಸಿಗೆಯ ನೀರಾವರಿಗೆ ಒಂದು.

ನಾನು ಬ್ಯಾಂಕಿಗೆ ಸೇರಿದ್ದು 1974ರಲ್ಲಿ. 1969ರಲ್ಲಿ 14 ಬ್ಯಾಂಕುಗಳು ರಾಷ್ಟ್ರೀಕರಣವಾದ ಮೇಲೆ ಹಳ್ಳಿಹಳ್ಳಿಗೂ ಶಾಖೆ ತೆರೆಯುತ್ತಿದ್ದರು. ನನ್ನನ್ನು ನಾಗಮಂಗಲದ ಕಡೆಯ ಒಂದು ಹಳ್ಳಿಗೆ ಹಾಕಿದರು. ಹೆಂಚಿನ ಮನೆಯ ಜಗುಲಿಯೇ ನಮ್ಮ ಶಾಖೆ. ಮಳೆ ಬಂದರೆ ಲೆಡ್ಜರುಗಳನ್ನು ಹೊತ್ತು ಒಳಗೋಡುವುದು. ಮೊದಮೊದಲು ಬೆಳೆಸಾಲದ ಅರ್ಜಿಯಲ್ಲಿ ‘ಬೆಳೆ’ ಎಂಬ ಜಾಗದಲ್ಲಿ ‘ರಾಗಿ’ ಎಂದಷ್ಟೇ ಬರೆಯುತ್ತಿದ್ದೆವು. ಎರಡು ಮೂರು ವರ್ಷದಲ್ಲಿ ರೈತರೇ ‘ಇಂಡಾಫ್ ರಾಗಿ ಅಂತ ಬರ್ಕೊಳ್ಳಿ ಸ್ವಾಮಿ’ ಎನ್ನತೊಡಗಿದರು. ಓದು ಬರಹ ಬಾರದವರ ಬಾಯಲ್ಲೂ ಆ ಹೆಸರು. ಹೆಬ್ಬೆಟ್ಟು ಒತ್ತುವ ಕೈ ತಳಿಯ ನಂಬರು ಹೇಳುತ್ತಿತ್ತು.

ನಮ್ಮ ಮನೆಯ ಕಥೆ ಮಾತ್ರ ಬೇರೆ. ನಮ್ಮಪ್ಪ ಒಪ್ಪಲಿಲ್ಲ. “ಆಫ್ರಿಕಾದ ರಾಗಿ ನಮ್ಮ ಹೊಟ್ಟೆಗೆ ಒಗ್ಗುತ್ತೇನೋ? ದಪ್ಪ ದಂಟನ್ನ ದನ ತಿನ್ನುತ್ತಾ?” ಎಂದರು. ತಿಳಿಯದ ಮಾತು ಎಂದು ನಾನಾಗ ನಕ್ಕಿದ್ದೆ, ಈಗ ನಗುವುದಿಲ್ಲ. ರೈತನಿಗೆ ರಾಗಿ ಅರ್ಧ, ಹುಲ್ಲು ಅರ್ಧ. ಹುಲ್ಲು ಕೆಟ್ಟರೆ ಎತ್ತು ಸೊರಗುತ್ತದೆ, ಎತ್ತು ಸೊರಗಿದರೆ ಮುಂದಿನ ವರ್ಷದ ಉಳುಮೆ ಇಲ್ಲ. ಬೆಂಗಳೂರಿನಲ್ಲಿ ಕೂತವರು ಹೇಳಿದರೆಂದು ಒಂದು ವರ್ಷದ ಅನ್ನವನ್ನು ಪಣಕ್ಕಿಡುವುದು ಸಣ್ಣ ಮಾತಲ್ಲ.

ಪಕ್ಕದ ಹೊಲದವರು ಬಿತ್ತಿದರು. ಅಪ್ಪ ಇಡೀ ಮಳೆಗಾಲ ಬದುವಿನ ಮೇಲೆ ನಿಂತು ನೋಡಿದರು, ಏನೂ ಹೇಳಲಿಲ್ಲ. ಒಕ್ಕಣೆಯಾದ ಮೇಲೆ ಅವರ ಕಣಕ್ಕೆ ಹೋಗಿ ರಾಶಿ ನೋಡಿಕೊಂಡು ಬಂದರು. ಮುಂದಿನ ಮುಂಗಾರಿಗೆ ನಮ್ಮ ಹಳೆಯ ರಾಗಿ ಕೊಟ್ಟು, ಅವರಿಂದ ಅಷ್ಟೇ ಸೇರು ಬಿತ್ತನೆ ತಂದರು. ಕಾಸಿಲ್ಲ, ರಸೀದಿ ಇಲ್ಲ. ಆ ವರ್ಷವೇ ವಾಡೆಯಲ್ಲಿ ಎರಡು ಚೀಲ ಮಿಕ್ಕಿದ್ದು. ಮಾರಿದ ದುಡ್ಡಿನಲ್ಲಿ ಚಿಕ್ಕ ತಂಗಿ ಹೈಸ್ಕೂಲು ಸೇರಿದಳು. ಇಲ್ಲದಿದ್ದರೆ ಏಳನೆಯ ತರಗತಿಗೇ ಬಿಡಿಸುವುದು ಎಂದು ತೀರ್ಮಾನವಾಗಿತ್ತು.

ಬದುವಿನಾಚೆ ಈಚೆ ನಡೆದ ಈ ವಿನಿಮಯದ ಲೆಕ್ಕ ಸ್ವಲ್ಪ ನೋಡಿ ಮಕ್ಕಳೇ. ರಾಗಿ ತನ್ನ ಪರಾಗದಿಂದಲೇ ಕಾಳು ಕಟ್ಟುತ್ತದೆ ಎಂದೆನಲ್ಲ, ಹಾಗಾಗಿ ಈ ವರ್ಷದ ಕಾಳು ಮುಂದಿನ ವರ್ಷಕ್ಕೆ ಬಿತ್ತನೆಯಾಗುತ್ತದೆ. ತಳಿ ಕೆಡುವುದಿಲ್ಲ. ಎಕರೆಗೆ 5 ಕಿಲೋ ಬಿತ್ತನೆ, ಬೆಳೆ 8 ಕ್ವಿಂಟಲ್, ಅಂದರೆ 800 ಕಿಲೋ ಎಂದು ಇಟ್ಟುಕೊಳ್ಳಿ. ಒಂದು ಎಕರೆಯ ಬೆಳೆ ಮುಂದಿನ ವರ್ಷ 160 ಎಕರೆಗೆ ಸಾಕು. ಅದರ ಮುಂದಿನ ವರ್ಷ 25,600 ಎಕರೆಗೆ. ಮೂರನೆಯ ವರ್ಷದ ಲೆಕ್ಕ 40 ಲಕ್ಷ ಎಕರೆ ದಾಟುತ್ತದೆ, ಕರ್ನಾಟಕದ ರಾಗಿ ಹೊಲವೆಲ್ಲ ಸೇರಿದರೂ ಅಷ್ಟಿಲ್ಲ. ಬ್ಯಾಂಕಿನ ಚಕ್ರಬಡ್ಡಿಯನ್ನು ನಾನು ಜೀವನವಿಡೀ ಲೆಕ್ಕ ಹಾಕಿದ್ದೇನೆ, ಇಂಥ ಬಡ್ಡಿ ಎಲ್ಲೂ ಕಂಡಿಲ್ಲ. ನಡುವೆ ಯಾರೂ ಮುದ್ದೆ ತಿನ್ನಬಾರದು, ಅಷ್ಟೇ!

ಈಗ ನನ್ನ ಮೊಮ್ಮಗನಿಗೆ ನಾನು ಕೇಳಿದ ಪ್ರಶ್ನೆ. ಒಂದು ಬೀಜದ ಕಂಪನಿ ಇದೆ ಎಂದುಕೊ. ಹತ್ತು ವರ್ಷ ಖರ್ಚು ಮಾಡಿ ಇಂಥ ರಾಗಿ ಮಾಡಿತು. ಮೊದಲ ವರ್ಷ ನಮ್ಮಪ್ಪನ ನೆರೆಯವರು ಕೊಂಡರು. ಎರಡನೆಯ ವರ್ಷ ನಮ್ಮಪ್ಪ ಯಾರಿಂದ ಕೊಂಡರು? ಅವನು ಯೋಚಿಸಿ ಹೇಳಿದ: “ಕೊಳ್ಳಲೇ ಇಲ್ಲ. ಬದಲಾಯಿಸಿಕೊಂಡರು.” ಹಾಗಾದರೆ ಕಂಪನಿಗೆ ಏನು ಉಳಿಯಿತು? ಏನೂ ಇಲ್ಲ. ಲಾಭ ನೋಡುವವನು ಈ ಕೆಲಸಕ್ಕೆ ಕೈಹಾಕುವುದು ಕಷ್ಟ, ಅದರಲ್ಲಿ ಅವನ ತಪ್ಪೂ ಇಲ್ಲ. ಅಂಥ ಕೆಲಸವನ್ನು ಎಲ್ಲರ ದುಡ್ಡಿನಲ್ಲಿ ನಡೆಯುವ ವಿಶ್ವವಿದ್ಯಾಲಯವೇ ಮಾಡಬೇಕು. ವಿಶ್ವವಿದ್ಯಾಲಯದ ಲೆಕ್ಕಪುಸ್ತಕ ತೆರೆದರೆ ಅಲ್ಲಿ ಬರೀ ಖರ್ಚು ಕಾಣುತ್ತದೆ. ಸಂಬಳ, ಕೂಲಿ, ಗೊಬ್ಬರ, ತೆನೆಗೆ ತೊಡಿಸುವ ಚೀಲ. ಜಮಾ ಕಡೆ ಹೆಚ್ಚುಕಡಿಮೆ ಖಾಲಿ. ಜಮಾ ಆಗಿರುವುದು ಬೇರೆ ಲಕ್ಷಾಂತರ ಪುಸ್ತಕಗಳಲ್ಲಿ, ನಮ್ಮಪ್ಪನ ವಾಡೆಯಲ್ಲಿ, ನನ್ನ ತಂಗಿಯ ಅಂಕಪಟ್ಟಿಯಲ್ಲಿ. ನಮ್ಮ ಶಾಖೆಯಲ್ಲಿ ಸುಗ್ಗಿಯ ನಂತರ ತೆರೆದ ಉಳಿತಾಯ ಖಾತೆಗಳಲ್ಲೂ ಅದರ ಪಾಲಿದೆ. ಹತ್ತು, ಇಪ್ಪತ್ತು ರೂಪಾಯಿಯ ಖಾತೆಗಳು. ಅವನ್ನು ನಾನೇ ಬರೆದಿದ್ದೇನೆ. ಆದರೆ ‘ಮಂಡ್ಯ ಫಾರಂನಿಂದ ಬಂದದ್ದು’ ಎಂದು ಬರೆಯಲು ಯಾವ ಪಾಸ್‌ಬುಕ್ಕಿನಲ್ಲೂ ಜಾಗವಿರಲಿಲ್ಲ.

ಈ ಲೆಕ್ಕವನ್ನು ಕೂಡಿಸಲು ಹೊರಟವರೂ ಇದ್ದಾರೆ. ಅಮೆರಿಕದ ಅರ್ಥಶಾಸ್ತ್ರಜ್ಞ ಜ್ವಿ ಗ್ರಿಲಿಕಸ್ 1958ರಲ್ಲಿ ಹೈಬ್ರಿಡ್ ಮುಸುಕಿನ ಜೋಳದ ಸಂಶೋಧನೆಗೆ ಆದ ಖರ್ಚನ್ನೂ ಅದರಿಂದ ಸಮಾಜಕ್ಕೆ ಬಂದ ಲಾಭವನ್ನೂ ಲೆಕ್ಕ ಹಾಕಿದರು. ಹಾಕಿದ ಒಂದು ಡಾಲರಿಗೆ ವರ್ಷಕ್ಕೆ ಸುಮಾರು ಏಳು ಡಾಲರ್. ನಮ್ಮ ಬ್ಯಾಂಕಿನಲ್ಲಿ ಅಂಥ ಠೇವಣಿ ಇದ್ದಿದ್ದರೆ ಬಾಗಿಲಲ್ಲಿ ಪೊಲೀಸರು ನಿಲ್ಲಬೇಕಾಗುತ್ತಿತ್ತು! ಒಂದು ಮಾತು ಮಾತ್ರ ಸೇರಿಸಬೇಕು. ಅವರು ಆರಿಸಿಕೊಂಡದ್ದು ಗೆದ್ದ ಕುದುರೆಯನ್ನು. ಸೋತ ಕುದುರೆಗಳ ಮೇವಿನ ಖರ್ಚೂ ಲೆಕ್ಕಕ್ಕೆ ಬರಬೇಕಲ್ಲ. ಧೂಳು ಹಿಡಿದು ಕೂತ ಪ್ರಬಂಧಗಳು, ಯಾರಿಗೂ ಬೇಡವಾದ ತಳಿಗಳು ಇದ್ದೇ ಇರುತ್ತವೆ. ನಾವು ಕೊಟ್ಟ ಸಾಲಗಳೂ ಎಲ್ಲ ವಾಪಸು ಬರುತ್ತಿರಲಿಲ್ಲ. ಅದಕ್ಕಾಗಿ ಬ್ಯಾಂಕ್ ಮುಚ್ಚಲಿಲ್ಲ.

ಓದಿಸುವುದು, ಸಂಶೋಧನೆ, ಅದನ್ನು ರೈತನ ಬಾಗಿಲಿಗೆ ಮುಟ್ಟಿಸುವುದು, ಈ ಮೂರನ್ನೂ ಒಂದೇ ಸೂರಿನಡಿ ತರುವ ಪದ್ಧತಿ ಬಂದದ್ದು ಅಮೆರಿಕದಿಂದ. 1862ರಲ್ಲಿ, ಅಂತರ್ಯುದ್ಧದ ನಡುವೆಯೇ, ಅಧ್ಯಕ್ಷ ಲಿಂಕನ್ ಒಂದು ಕಾನೂನಿಗೆ ಸಹಿ ಹಾಕಿದರು. ರಾಜ್ಯಗಳಿಗೆ ಸರ್ಕಾರಿ ಭೂಮಿ ಕೊಟ್ಟು, ಅದನ್ನು ಮಾರಿ ಬಂದ ಹಣದಿಂದ ಕೃಷಿ ಮತ್ತು ಯಂತ್ರವಿದ್ಯೆಯ ಕಾಲೇಜು ನಡೆಸಿ ಎಂದರು. ನಮ್ಮಲ್ಲಿ ಆ ಮಾದರಿಯ ಮೊದಲ ಕೃಷಿ ವಿಶ್ವವಿದ್ಯಾಲಯ 1960ರಲ್ಲಿ ಪಂತನಗರದಲ್ಲಿ, ಆಮೇಲೆ 1962ರಲ್ಲಿ ಲೂಧಿಯಾನದಲ್ಲಿ, 1964ರಲ್ಲಿ ನಮ್ಮ ಬೆಂಗಳೂರಿನಲ್ಲಿ. ಪಂಜಾಬಿನ ಗೋಧಿಯ ಕಥೆ ಪಠ್ಯಪುಸ್ತಕದಲ್ಲಿದೆ. ರಾಗಿಗೆ ಅಲ್ಲಿ ಅಷ್ಟು ಜಾಗ ಸಿಕ್ಕಿಲ್ಲ ಎನ್ನುವುದು ನನ್ನ ಹಳೆಯ ದೂರು.

ಇಲ್ಲಿಗೇ ಮುಗಿದಿದ್ದರೆ ಸುಖಾಂತ್ಯವಾಗುತ್ತಿತ್ತು. ಆದರೆ ರಾಗಿಗೆ ಬೆಂಕಿ ರೋಗ ಎಂಬ ಶತ್ರು ಇದೆ. ಅದೊಂದು ಶಿಲೀಂಧ್ರ. ಎಲೆಯ ಮೇಲೆ ಚುಕ್ಕೆಯಾಗಿ ಶುರುವಾಗಿ, ತೆನೆಯ ಕುತ್ತಿಗೆಗೆ ಬಂದರೆ ಮುಗಿಯಿತು. ಕುತ್ತಿಗೆ ಕಪ್ಪಾಗಿ ತೆನೆ ಜೋತುಬೀಳುತ್ತದೆ, ಕಾಳು ಜೊಳ್ಳು. ಇಂಡಾಫ್ ತಳಿಗಳೂ ಕ್ರಮೇಣ ಅದರ ಬಾಯಿಗೆ ಸಿಕ್ಕವು. ಒಂದು ವರ್ಷ ನಮ್ಮ ಹೊಲವೂ ಸಿಕ್ಕಿತು. ಅಪ್ಪ ತೆನೆ ಹಿಡಿದು ಉಜ್ಜಿದರೆ ಕೈಯಲ್ಲಿ ಹೊಟ್ಟು ಮಾತ್ರ ಉಳಿಯುತ್ತಿತ್ತು. ಬೈಯಲೂ ಇಲ್ಲ, ಪಾಪ.

ಹೊಲದಲ್ಲಿ ಶತ್ರು ಬಲಿಯುತ್ತಿದ್ದಾಗ ವಿಶ್ವವಿದ್ಯಾಲಯದಲ್ಲಿ ಕೆಲಸ ನಿಂತಿರಲಿಲ್ಲ. ಬೆಂಗಳೂರಿನ ಜಿ.ಕೆ.ವಿ.ಕೆ. ಆವರಣದಲ್ಲಿ ಸಾವಿರಾರು ಬಗೆಯ ರಾಗಿಯ ಬೀಜಗಳನ್ನು ಕೂಡಿಟ್ಟಿದ್ದಾರೆ. ಬ್ಯಾಂಕಿನ ಲಾಕರ್ ಇದ್ದಂತೆ ಎಂದುಕೊಳ್ಳಿ. ಯಾವ ಹಳೆಯ ಪತ್ರ ಯಾವತ್ತು ಬೇಕಾಗುತ್ತದೋ ಯಾರಿಗೆ ಗೊತ್ತು? ಅಲ್ಲಿಂದ ‘ಐಇ 1012’ ಎಂಬ ನಂಬರಿನ ತಳಿಯನ್ನು ತೆಗೆದು ಇಂಡಾಫ್-9ರ ಜೊತೆ ಕೂಡಿಸಿದರು. ಬಂದದ್ದನ್ನು ಇಂಡಾಫ್-5ರ ಜೊತೆ ಕೂಡಿಸಿದರು. ಹೀಗೆ ಹುಟ್ಟಿದ್ದು ಜಿಪಿಯು-28. ಕುತ್ತಿಗೆಯ ಬೆಂಕಿ ರೋಗವನ್ನು ತಡೆಯುವ ತಳಿ. 1990ರ ದಶಕದ ಕೊನೆಯ ವರ್ಷಗಳಿಂದ ಅದು ಕರ್ನಾಟಕದಲ್ಲಿ ಎಲ್ಲ ಕಡೆ ಹಬ್ಬಿತು. ಅಜ್ಜ ಅಜ್ಜಿಯರ ಗುಣ ಮೊಮ್ಮಗುವಿಗೆ ಬಂತು ಎನ್ನುತ್ತೇವಲ್ಲ, ಹಾಗೆಯೇ. 1960ರ ದಶಕದಲ್ಲಿ ಮಂಡ್ಯದಲ್ಲಿ ಯಾರೋ ಬೆಳಗಿನ ಜಾವ ಎದ್ದು ತೆನೆ ಕಟ್ಟದಿದ್ದರೆ ಈ ಮೊಮ್ಮಗು ಇರುತ್ತಿರಲಿಲ್ಲ. ನಡುವೆ ಹತ್ತು ವರ್ಷ ‘ಖರ್ಚು ಜಾಸ್ತಿಯಾಯಿತು’ ಎಂದು ನಿಲ್ಲಿಸಿದ್ದರೂ ಇರುತ್ತಿರಲಿಲ್ಲ. ರೋಗಕ್ಕೆ ನಮ್ಮ ಬಜೆಟ್ ಗೊತ್ತಾಗುವುದಿಲ್ಲ, ಅದು ಬದಲಾಗುತ್ತಲೇ ಇರುತ್ತದೆ.

ಆ ದಿನಗಳಿಗೆ ಹೋಲಿಸಿದರೆ ದೇಶದಲ್ಲಿ ರಾಗಿ ಬಿತ್ತುವ ಜಮೀನು ಸುಮಾರು ಅರ್ಧಕ್ಕೆ ಇಳಿದಿದೆ. ರಾಗಿಯ ಒಟ್ಟು ಫಸಲು ಆ ಪ್ರಮಾಣದಲ್ಲಿ ಇಳಿದಿಲ್ಲ. ಕಡಿಮೆ ನೆಲದಲ್ಲಿ ಹೆಚ್ಚು ಕಾಳು. ಇಂದಿಗೂ ದೇಶದ ರಾಗಿಯಲ್ಲಿ ಅರ್ಧಕ್ಕಿಂತ ಹೆಚ್ಚು ಬೆಳೆಯುವುದು ನಮ್ಮ ಕರ್ನಾಟಕವೇ. 2023ನ್ನು ವಿಶ್ವಸಂಸ್ಥೆ ಸಿರಿಧಾನ್ಯಗಳ ವರ್ಷ ಎಂದು ಆಚರಿಸಿದ ಮೇಲೆ ಪೇಟೆಯ ಹವಾನಿಯಂತ್ರಿತ ಅಂಗಡಿಗಳಲ್ಲೂ ರಾಗಿಗೆ ಕುರ್ಚಿ ಸಿಕ್ಕಿದೆ. ಡಾಕ್ಟರು ನನಗೆ ಮುದ್ದೆ ತಿನ್ನಿ ಎಂದು ಚೀಟಿ ಬರೆದುಕೊಡುತ್ತಾರೆ. ಅಮ್ಮ ಇದ್ದಿದ್ದರೆ ನಗುತ್ತಿದ್ದಳು.

ಚರ್ಚಾಸ್ಪರ್ಧೆಯ ದಿನ ಮೊಮ್ಮಗ ಜೇಬಿನಲ್ಲಿ ರಾಗಿ ಹಾಕಿಕೊಂಡು ಹೋದ. ಎದುರು ಪಕ್ಷದ ಹುಡುಗಿ ಜಾಣೆ. “ಎಲ್ಲಾ ಸಂಶೋಧನೆಯೂ ಹೀಗೇ ಫಲ ಕೊಡುತ್ತಾ?” ಎಂದು ಕೇಳಿದಳಂತೆ. ಇವನು “ಇಲ್ಲ” ಎಂದು ಒಪ್ಪಿಕೊಂಡನಂತೆ. ಯಾವುದು ಫಲ ಕೊಡುತ್ತದೆ ಎಂದು ಮೊದಲೇ ಗೊತ್ತಿದ್ದರೆ ಅದನ್ನು ಸಂಶೋಧನೆ ಎನ್ನುವುದೇ ಇಲ್ಲ ಎಂದೂ ಹೇಳಿದನಂತೆ. ಅದು ನಾನು ಹೇಳಿಕೊಟ್ಟದ್ದಲ್ಲ. ಎರಡನೆಯ ಬಹುಮಾನ ಬಂತು, ಒಂದು ಸ್ಟೀಲ್ ಲೋಟ. ಮೊದಲನೆಯದು ಆ ಹುಡುಗಿಗೇ ಹೋಯಿತು.

ಜೇಬಿನಲ್ಲಿ ಉಳಿದ ರಾಗಿಯನ್ನು ಅವನು ತಾರಸಿಯ ಕುಂಡದಲ್ಲಿ ಬಿತ್ತಿದ. ಹದಿನಾಲ್ಕು ಪೈರು ಎದ್ದಿವೆ. ಈಗ ತೆನೆ ಹೊರಡುತ್ತಿದೆ. ಹೂ ಅರಳುವುದನ್ನು ಕಣ್ಣಾರೆ ನೋಡಲೇಬೇಕಂತೆ, ಶಾಲೆಯಿಂದ ಭೂತಕನ್ನಡಿ ಎರವಲು ತಂದಿದ್ದಾನೆ. ನಾಳೆ ಬೆಳಗಿನ ಜಾವ ಮೂರು ಗಂಟೆಗೆ ಅಲಾರಂ ಇಡಲು ನನಗೆ ಹೇಳಿದ್ದಾನೆ. ಅವನ ಅಜ್ಜಿಗೆ ನಾವಿಬ್ಬರೂ ಇನ್ನೂ ಹೇಳಿಲ್ಲ.